ಕೋದಂಡಪ್ಪನ ಕ್ಯಾಮೆರಾದಲ್ಲಿ ಎಡ ಬಲ

ಕೋದಂಡಪ್ಪ ಮಂಗಮ್ಮನನ್ನು ಮೊದಲು ನೋಡಿದ ದಿನ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. "ಅಲ್ಲೇ ನಿಲ್ಲು, ಅಲ್ಲಾಡಬೇಡ" ಎಂದ.

ಅದು ಐವತ್ತಮೂರನೇ ಇಸವಿ. ಮಂಗಮ್ಮ ಮದುವೆಯಾಗಿ ನಂದಿದುರ್ಗ ಚಿನ್ನದ ಗಣಿಯ ಲೈನಿಗೆ, ಕೆಲಸಗಾರರ ಸಾಲುಮನೆಗೆ, ಬಂದು ಕೈಯ ಅರಿಶಿನ ಇನ್ನೂ ಆರಿರಲಿಲ್ಲ. ಬೀದಿ ನಲ್ಲಿಯಲ್ಲಿ ಬಿಂದಿಗೆ ತುಂಬಿ ಸೊಂಟಕ್ಕೆ ಏರಿಸಿದ್ದಳು, ಅಷ್ಟೆ. ಗುರುತಿಲ್ಲದ ಗಂಡಸು ಅಲ್ಲಾಡಬೇಡ ಎಂದರೆ ಹಳ್ಳಿಯಲ್ಲಿ ಹುಟ್ಟಿದವಳಿಗೆ ಹೊಳೆಯುವುದು ಒಂದೇ. ಕಾಲ ಬುಡದಲ್ಲಿ ಹಾವಿದೆ. ಅವಳು ಕಣ್ಣು ಮುಚ್ಚಿ, ಮನೆದೇವರನ್ನು ನೆನೆದು, ನೆಟ್ಟ ಕಲ್ಲಿನಂತೆ ನಿಂತಳು. ಬಿಂದಿಗೆ ತುಳುಕಿ ಸೀರೆಯೆಲ್ಲ ನೆನೆಯಿತು. ಎಲ್ಲೋ ಟಿಕ್ ಎಂದಿತು.

"ಆಯ್ತು, ಓಗು" ಎಂದ ಆತ.

"ಆವು ಓಯ್ತಾ?"

"ಯಾವ ಆವು?"

ಕಣ್ಣು ಬಿಟ್ಟು ನೋಡಿದರೆ, ಖಾಕಿ ಅಂಗಿಯ ಸಣಕಲ ಆಳೊಬ್ಬ ಕರೀ ಡಬ್ಬಿಯೊಂದನ್ನು ಹೊಟ್ಟೆಗೆ ಒತ್ತಿಕೊಂಡು ಅದರ ನೆತ್ತಿಯೊಳಕ್ಕೆ ಇಣುಕುತ್ತ ನಿಂತಿದ್ದ. ಅವನ ಹಿಂದೆ ಬಾಗಿಲಲ್ಲಿ ನಿಂತಿದ್ದ ಹೆಂಗಸು ನಗುತ್ತಿದ್ದಳು. ಅವಳ ಬಲ ಮೂಗಿನಲ್ಲಿ ಕೆಂಪು ಹರಳಿನ ಮೂಗುಬಟ್ಟು. ಅವಳು ನಕ್ಕರೆ ಮೊದಲು ಆ ಹರಳು ಮಿನುಗುತ್ತಿತ್ತು, ಹಲ್ಲು ಆಮೇಲೆ.

"ಎದರ್ಕೋಬ್ಯಾಡ ಕಣಮ್ಮ" ಎಂದಳು ಆಕೆ. "ನಮ್ಮನೆಯವ್ರು ಕಚ್ಚೋರಲ್ಲ. ತಲೆ ಕತ್ತರಿಸ್ತಾರೆ, ಅಷ್ಟೇಯ."

ಆಕೆ ಮುತ್ಯಾಲಮ್ಮ, ಕೋದಂಡಪ್ಪನ ಹೆಂಡತಿ. ಅವಳ ಮಾತಿನ ಅರ್ಥ ಮಂಗಮ್ಮನಿಗೆ ತಿಳಿದದ್ದು ಫೋಟೋ ಕೈಗೆ ಬಂದಾಗ. ಅದರಲ್ಲಿ ಬಿಂದಿಗೆ ಬಹಳ ಚೆನ್ನಾಗಿ ಬಂದಿತ್ತು. ಮೂತಿಯ ಹತ್ತಿರದ ನೆಗ್ಗು ಸಹ ಎಣಿಸುವಂತಿತ್ತು. ಸೊಂಟ ಇತ್ತು, ಸೀರೆ ಇತ್ತು. ಕುತ್ತಿಗೆಯಿಂದ ಮೇಲೆ ಮಂಗಮ್ಮ ಇರಲಿಲ್ಲ.

"ತಲೆ ಎಲ್ಲಣ್ಣಯ್ಯ?"

"ಬಿಂದಿಗೆ ನೋಡು. ಎಂಗ್ ಬಂದೈತೆ" ಎಂದ ಕೋದಂಡಪ್ಪ.

ಮಂಗಮ್ಮ ನೋಡಿದಳು. ಅವಳು ಓದಿದ್ದು ಎರಡನೇ ಕ್ಲಾಸು, ಅದೂ ಪೂರ್ತಿ ಅಲ್ಲ. ಆದರೆ ಯಾವ ಸಾಮಾನು ಎಲ್ಲಿದೆ ಎಂಬುದನ್ನು ನೋಡಿಟ್ಟುಕೊಳ್ಳುವ ಚಾಳಿ ಹುಟ್ಟಿನಿಂದ ಬಂದದ್ದು. "ನಾನು ಬಿಂದಿಗೆ ಒರೋದು ಎಡಸೊಂಟದ ಮೇಲೆ. ಇದ್ರಲ್ಲಿ ಬಲಕ್ಕೈತೆ" ಎಂದಳು.

ಕೋದಂಡಪ್ಪ ಸ್ವಲ್ಪ ಹೊತ್ತು ಫೋಟೋ ನೋಡಿದ, ಸ್ವಲ್ಪ ಹೊತ್ತು ಅವಳ ಸೊಂಟ ನೋಡಿದ. "ಅದು ಕ್ಯಾಮೆರಾದ ಗುಣ" ಎಂದು ಹೇಳಿ ಒಳಕ್ಕೆ ಹೋದ.

ಕೋದಂಡಪ್ಪನಿಗೆ ಗಣಿಯ ಟೈಮ್ ಆಫೀಸಿನಲ್ಲಿ ಕೆಲಸ. ಕೆಳಕ್ಕೆ ಇಳಿಯುವವರಿಗೆ ಹಿತ್ತಾಳೆ ಬಿಲ್ಲೆ ಕೊಡುವುದು, ಮೇಲೆ ಬಂದವರಿಂದ ಇಸಕೊಳ್ಳುವುದು. ದಿನಕ್ಕೆ ನೂರಾರು ಮುಖ ಕಿಟಕಿಯ ಮುಂದೆ ಹಾದುಹೋಗುತ್ತಿದ್ದವು. ಅವನು ನೋಡುತ್ತಿದ್ದದ್ದು ಬಿಲ್ಲೆಯನ್ನು.

ಕ್ಯಾಮೆರಾ ಬಂದದ್ದು ಸೀಮೆಗೆ ವಾಪಸು ಹೊರಟ ಒಬ್ಬ ದೊರೆಯ ಬಂಗಲೆಯಿಂದ. ಸಾಮಾನು ಕಟ್ಟಲು ಹೋಗಿದ್ದವನಿಗೆ ದೊರೆಸಾನಿ ಒಂದು ಉಣ್ಣೆ ಕಂಬಳಿ, ಒಂದು ಡಬ್ಬಿ ಕ್ಯಾಮೆರಾ ಎರಡನ್ನೂ ತೋರಿಸಿ, ಯಾವುದಾದರೂ ಒಂದು ತಗೋ ಎಂದಳಂತೆ. ಅದು ಮಾರ್ಗಶಿರದ ತಿಂಗಳು, ಅವನ ಮನೆಯ ಗೋಡೆ ಬಿದಿರು ತಟ್ಟಿಯದು, ಚಳಿಗಾಳಿ ಕೇಳದೆ ಒಳಗೆ ಬಂದು ಕೂರುವಂಥದು. ಬುದ್ಧಿ ನೆಟ್ಟಗಿರುವ ಯಾರೇ ಆಗಲಿ ಏನು ತಗೋಬೇಕೋ ಅದನ್ನು ಬಿಟ್ಟು ಕೋದಂಡಪ್ಪ ಕ್ಯಾಮೆರಾ ತಗೊಂಡ. "ಆ ಕಂಬ್ಳಿ ನಂಗೆ ಈಗ್ಲೂ ಕನಸಲ್ಲಿ ಬತ್ತದೆ" ಎನ್ನುತ್ತಿದ್ದಳು ಮುತ್ಯಾಲಮ್ಮ.

ಕ್ಯಾಮೆರಾದ ಜೊತೆಗೆ ಇಂಗ್ಲಿಷಿನ ಸಣ್ಣ ಪುಸ್ತಕವೂ ಬಂದಿತ್ತು. ಕೋದಂಡಪ್ಪ ಅದರ ಚಿತ್ರಗಳನ್ನು ಓದಿದ. ಓದಿ, ಲೈನಿನ ಜನಕ್ಕೆ ಬುದ್ಧಿ ಹೇಳಲು ಶುರು ಮಾಡಿದ. ಕೇಳಿದವರಿಗೂ ಹೇಳಿದ, ಕೇಳದವರಿಗೆ ಹೆಚ್ಚಾಗಿ ಹೇಳಿದ. ಲೈನಿನಲ್ಲಿ ಕ್ಯಾಮೆರಾ ಇದ್ದದ್ದು ಅವನೊಬ್ಬನಿಗೇ ಆದ್ದರಿಂದ ಆ ಬುದ್ಧಿಮಾತು ಯಾರಿಗೂ ಬೇಕಾಗಿರಲಿಲ್ಲ. ಅವನಿಗೆ ಅದೊಂದು ತೊಂದರೆ ಎನಿಸಲಿಲ್ಲ.

"ಬೆಳಕು ಬೆನ್ನಿಗೆ, ಉಸಿರು ಒಳಕ್ಕೆ, ಬೆರಳು ಕೊನೆಗೆ" ಎಂಬುದು ಅವನ ಮಂತ್ರ. ಸೂರ್ಯ ಫೋಟೋ ತೆಗೆಯುವವನ ಬೆನ್ನ ಹಿಂದಿರಬೇಕು. ನಿಜವೇ. ಆದರೆ ಸೂರ್ಯ ಬೆನ್ನಿಗಿದ್ದರೆ ನೆರಳು ಮುಂದೆ ಬೀಳುತ್ತದೆ ಎಂಬುದು ಪುಸ್ತಕದ ಚಿತ್ರದಲ್ಲಿ ಇರಲಿಲ್ಲವೋ ಏನೋ. ಲೈನಿನ ನಾಮಕರಣ, ಮದುವೆ, ತಿಥಿ ಯಾವ ಫೋಟೋ ನೋಡಿದರೂ ಕೆಳಗಡೆ ಕೋದಂಡಪ್ಪನ ನೆರಳು ಮೊಣಕೈ ಅಗಲಿಸಿಕೊಂಡು ಹಾಜರಿರುತ್ತಿತ್ತು. ಇಷ್ಟೊಂದು ಮನೆಯ ಶುಭಕಾರ್ಯಕ್ಕೆ ಪುರೋಹಿತರೂ ಹೋದವರಲ್ಲ.

"ಒತ್ತೋಕ್ ಮುಂಚೆ ಆಳಿನ ಇಂದೆ ಏನೈತೆ ನೋಡ್ಬೇಕು" ಎನ್ನುತ್ತಿದ್ದ. ಇದೂ ನಿಜವೇ. ಅವನು ನೋಡದೆ ಒತ್ತಿದ್ದರಿಂದ ಮಂಗಮ್ಮನ ಮಾವನ ತಲೆಯ ಮೇಲೆ ಗಣಿಯ ದೊಡ್ಡ ರಾಟೆ ಕಿರೀಟದಂತೆ ಕೂತಿತ್ತು. ಮರದಡಿ ಮುಖ ತೆಗೆಯಬಾರದು, ಎಲೆಯ ಸಂದಿನ ಬಿಸಿಲು ಮುಖದ ಮೇಲೆ ತೊನ್ನಿನಂತೆ ಬೀಳುತ್ತದೆ ಎಂದು ಹೇಳಿದ್ದು ಹೊಂಗೆ ಮರದಡಿ ಮದುವೆ ಹೆಣ್ಣನ್ನು ನಿಲ್ಲಿಸಿದ ಮೇಲೆ. ಒಂದು ಫೋಟೋ ಆದ ತಕ್ಷಣ ಫಿಲಂ ತಿರುಗಿಸಿಬಿಡಬೇಕು ಎಂಬುದನ್ನು ಅವನಿಗೆ ಕಲಿಸಿದವನು ಬಚ್ಚಪ್ಪ. ಬಚ್ಚಪ್ಪ ದನದ ದಲ್ಲಾಳಿ, ಬಿಡುವಿದ್ದಾಗ ಹೆಣ್ಣು ಗಂಡುಗಳನ್ನೂ ಕುದುರಿಸುತ್ತಿದ್ದ. ತಿರುಗಿಸದ ಫಿಲಮಿನ ಮೇಲೆ ಬಚ್ಚಪ್ಪನೂ ಅವನ ಸೀಮೆ ಹಸುವೂ ಒಟ್ಟಿಗೆ ಬಿದ್ದು, ಆರು ಕಾಲು, ಎರಡು ಕೊಂಬು, ಒಂದು ಪೇಟ ಇರುವ ಪ್ರಾಣಿಯೊಂದು ಹುಟ್ಟಿತು. ಬಚ್ಚಪ್ಪ ಅದನ್ನು ಕಟ್ಟು ಹಾಕಿಸಿ ಮನೆಯಲ್ಲಿಟ್ಟುಕೊಂಡ. ಹಸು ಚೆನ್ನಾಗಿ ಬಂದಿತ್ತು.

ಉಳಿದದ್ದು ಅಲುಗಾಟ. ಗಣಿಯ ಆಳದಲ್ಲಿ ಕಲ್ಲು ಸಿಡಿದರೆ ಮೇಲೆ ಲೈನಿನ ಮನೆಗಳು ಗಡಗಡ ನಡುಗಿ, ಗೂಡಿನ ಪಾತ್ರೆಗಳು ಕೆಳಕ್ಕೆ ಬೀಳುತ್ತಿದ್ದವು. "ಕ್ಯಾಮೆರಾನ ಗೋಡೆ ಮೇಲೆ ಇಡಬ್ಯಾಡಿ, ಮೊಣಕೈ ಪಕ್ಕೆಗೆ ಒತ್ಕೊಂಡು ಕೈಯಾಗೆ ಇಡೀರಿ" ಎನ್ನುತ್ತಿದ್ದ. ಅವನ ಫೋಟೋದಲ್ಲಿ ಮಸುಕಾಗಿದ್ದದ್ದೆಲ್ಲ ಗಣಿಯ ತಪ್ಪು. ಕೋದಂಡಪ್ಪನ ಪ್ರಕಾರ ಸಿಡಿದ ಕಲ್ಲೆಲ್ಲ ನಿಜವಾಗಿ ಸಿಡಿದಿದ್ದರೆ ಅಷ್ಟರಲ್ಲಿ ಲೈನು ಪಾತಾಳದಲ್ಲಿರಬೇಕಾಗಿತ್ತು.

ಫಿಲಂ ತೊಳೆಸುವುದಕ್ಕೆ ಮಾತ್ರ ಬಂಗಾರಪೇಟೆಯ ಸ್ಟುಡಿಯೋಗೆ ಕೊಡುತ್ತಿದ್ದ. ಕಾಗದದ ಮೇಲೆ ಇಳಿಸುವುದೆಲ್ಲ ಮನೆಯಲ್ಲೇ, ಗಾಜಿನ ಚೌಕಟ್ಟಿನಲ್ಲಿ ನೆಗೆಟಿವನ್ನೂ ಕಾಗದವನ್ನೂ ಒತ್ತಿಟ್ಟು ಬಿಸಿಲಿಗೆ ಹಿಡಿಯುವುದು. ಮುತ್ಯಾಲಮ್ಮ ಸಂಡಿಗೆ ಒಣಗಿಸುವ ಜಾಗದಲ್ಲೇ ಇದೂ ಒಣಗುತ್ತಿತ್ತು. ನೆಗೆಟಿವಿಗೆ ಒಂದು ಮಗ್ಗುಲು ಹೊಳಪು, ಇನ್ನೊಂದು ಮಗ್ಗುಲು ಮಂಕು. ಹೊಳೆಯುವುದೇ ಮುಂಭಾಗ ಎಂದು ಕೋದಂಡಪ್ಪ ತೀರ್ಮಾನಿಸಿ ಅದನ್ನೇ ಕಾಗದದ ಕಡೆಗೆ ಇಡುತ್ತಿದ್ದ. ಅವನು ಯಾರನ್ನಾದರೂ ಒಂದು ಮಾತು ಕೇಳಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಕೇಳುವುದು ಅವನ ಜಾಯಮಾನದಲ್ಲಿ ಇರಲಿಲ್ಲ.

ಹಾಗಾಗಿ ಲೈನಿನ ಒಂದು ಮದುವೆ ಊಟದ ಫೋಟೋದಲ್ಲಿ ಇಡೀ ಪಂಕ್ತಿ ಎಡಗೈಯಲ್ಲಿ ಉಂಡಿತು. ಬೀಗರು ಸಿಟ್ಟಾದರು. ಆಗ ಕೋದಂಡಪ್ಪ ಕ್ಯಾಮೆರಾದ ನೆತ್ತಿಯ ಸಣ್ಣ ಗಾಜನ್ನು ಎಲ್ಲರಿಗೂ ತೋರಿಸಿದ. ಅದರೊಳಗೆ ನೋಡಿದರೆ ಎಡಕ್ಕೆ ಹೋಗುವ ಆಳು ಬಲಕ್ಕೆ ಹೋಗುತ್ತಿದ್ದ. "ನೋಡಿದ್ರಾ? ಡಬ್ಬೀಲೇ ತಿರುಗ್ತದೆ. ಅದ್ಕೇ ನಾವೇ ಮುಂಚೇನೇ ತಿರುಗ್ಬೇಕು" ಎಂದ.

ಅಲ್ಲಿಂದ ನಂದಿದುರ್ಗದ ಲೈನಿನಲ್ಲಿ ಫೋಟೋ ಎಂದರೆ ಹೆಂಗಸರು ಸೆರಗನ್ನು ಬಲ ಹೆಗಲಿಗೆ ಹಾಕಿಕೊಳ್ಳುವುದು, ಗಂಡಸರು ವಾಚನ್ನು ಬಲಗೈಗೆ ಕಟ್ಟುವುದು, ಉಣ್ಣುವವರು ಎಡಗೈಯನ್ನು ಎಲೆಗಿಡುವುದು ಎಂದು ರೂಢಿಯಾಯಿತು. ಕಾಗದಕ್ಕೆ ಇಳಿದಾಗ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಒಂದು ತಪ್ಪನ್ನು ಇನ್ನೊಂದು ತಪ್ಪು ಹೆಗಲ ಮೇಲೆ ಹೊತ್ತು ವರ್ಷಗಟ್ಟಲೆ ನಡೆಯಿತು.

"ಎಲ್ಲಾ ಸರಿ ಅಣ್ಣಯ್ಯ, ಮೂಗುಬಟ್ಟು ಮಾತ್ರ ತಪ್ಪು ಕಡೇಲೇ ಉಳ್ಕೊಂಡೈತೆ" ಎಂದಳು ಒಮ್ಮೆ ಮಂಗಮ್ಮ. ಮೂಗುಬಟ್ಟನ್ನು ಫೋಟೋಗೋಸ್ಕರ ಯಾರು ಕಿತ್ತು ಚುಚ್ಚಿಸಿಕೊಳ್ಳುತ್ತಾರೆ?

"ಫೋಟೋದಾಗೆ ಮೂಗುಬಟ್ಟು ಯಾವ ಕಡೆ ಐತೆ ಅಂತ ಯಾರು ನೋಡ್ತಾರಮ್ಮ" ಎಂದ ಕೋದಂಡಪ್ಪ.

ಅರವತ್ತೊಂದನೇ ಇಸವಿಗೆ ಮಂಗಮ್ಮನ ನಾದಿನಿ ವರಲಕ್ಷ್ಮಿಗೆ ಇಪ್ಪತ್ತನಾಲ್ಕು ದಾಟಿತ್ತು. ಮಂಗಮ್ಮ ಆ ಮನೆಗೆ ಬಂದಾಗ ಜಡೆ ಹೆಣೆಸಿಕೊಳ್ಳಲು ತೊಡೆ ಮುಂದೆ ಕೂರುತ್ತಿದ್ದ ಹುಡುಗಿ ಅದು. ಎರಡು ಸಂಬಂಧ ಬಂದು ಬಿಟ್ಟುಹೋಗಿದ್ದವು. ಲೈನಿನ ಹುಡುಗಿಗೆ ನಲ್ಲಿ ತಿರುಗಿಸುವುದು ಗೊತ್ತು, ಬಾವಿ ಸೇದುವುದು ಗೊತ್ತಿಲ್ಲ ಎಂಬುದು ಹಳ್ಳಿಯವರ ಆಕ್ಷೇಪ. ಮಂಗಮ್ಮನ ಮಾವನಿಗೆ ತಾಳ್ಮೆ ಮುಗಿದು, ಕಾಮಸಮುದ್ರದ ಕದಿರಪ್ಪನಿಗೆ ಅರ್ಧ ಮಾತು ಕೊಟ್ಟುಬಿಟ್ಟಿದ್ದ. ಕದಿರಪ್ಪನಿಗೆ ಹೆಂಡತಿ ತೀರಿಕೊಂಡಿದ್ದಳು, ಹಲ್ಲು ಹೋಗಿದ್ದವು, ದೊಡ್ಡ ಮಗಳು ವರಲಕ್ಷ್ಮಿಗಿಂತ ಹಿರಿಯಳು. ಜಮೀನು ಮಾತ್ರ ಚೆನ್ನಾಗಿತ್ತಂತೆ.

ವರಲಕ್ಷ್ಮಿ ಅಳಲಿಲ್ಲ. "ಅತ್ಗೆ, ಆ ತಾತನ ಮಗ್ಳಿಗೆ ನಾನು ಅಕ್ಕ ಅನ್ಬೇಕೋ, ಅವ್ಳು ನಂಗೆ ಅಮ್ಮ ಅನ್ಬೇಕೋ?" ಎಂದು ಕೇಳಿದಳು. ಮಂಗಮ್ಮ ಮಾವನ ಹತ್ತಿರ ಹೋಗಿ, ಯುಗಾದಿವರೆಗೆ ತಡೆಯಿರಿ, ಅಷ್ಟರಲ್ಲಿ ಬೇರೆ ಗಂಡು ಕುದುರದಿದ್ದರೆ ನಿಮ್ಮಿಷ್ಟ ಎಂದು ಬೇಡಿಕೊಂಡಳು.

ಶಿವರಾತ್ರಿ ಕಳೆದ ಮೇಲೆ ಬಚ್ಚಪ್ಪ ಬೂದಿಕೋಟೆಯ ಸಂಬಂಧ ತಂದ. ಹುಡುಗ ಶ್ರೀರಾಮಪ್ಪ, ಮನೆಯಲ್ಲಿ ಹಾಲು ಕರೆಯುವ ಹಸುಗಳಿವೆ, ಕುಡಿತವಿಲ್ಲ. ತಾಯಿ ಆದಿಲಕ್ಷ್ಮಮ್ಮನಿಗೆ ಮಂಡಿ ನೋವು, ಬಸ್ಸು ಹತ್ತಲಾರಳು. "ನಾನು ಬಾಯಿ ಮಾತು ನಂಬಿ ಎರಡು ಸೊಸೆ ತಂದೆ. ಒಬ್ಳಿಗೆ ಕಿವಿ ಕೇಳಲ್ಲ, ಇನ್ನೊಬ್ಳು ನನ್ ಮಾತು ಕೇಳಲ್ಲ. ಈ ಸಲ ನಾನೇ ನೋಡ್ಬೇಕು. ಫೋಟೋ ತತ್ತಾ" ಎಂದು ಹೇಳಿ ಕಳಿಸಿದ್ದಳು.

ಮಗಳನ್ನು ಬಂಗಾರಪೇಟೆಗೆ ಕರೆದೊಯ್ದು ಗುರುತಿಲ್ಲದವನ ಮುಂದೆ ಕೂರಿಸಲು ಮಾವ ಒಪ್ಪಲಿಲ್ಲ. ಪಕ್ಕದ ಮನೆಯಲ್ಲೇ ಕೋದಂಡಪ್ಪ ಇದ್ದಾನಲ್ಲ. ಆ ಮಾತು ಕೇಳಿ ಮಂಗಮ್ಮನಿಗೆ ತನ್ನ ಬಿಂದಿಗೆ ನೆನಪಾಯಿತು.

ಅವಳು ಒಂದು ಉಪಾಯ ಮಾಡಿದಳು. ಎಂಟು ವರ್ಷದಿಂದ ಕೋದಂಡಪ್ಪ ಊರಿಗೆಲ್ಲ ಹೇಳಿದ ಬುದ್ಧಿಯನ್ನೆಲ್ಲ, ಒಂದನ್ನೂ ಬಿಡದೆ, ಅವನಿಗೇ ಹೇಳಿದಳು. ಬೆಳಿಗ್ಗೆ ಗಣಿಯ ಸೈರನ್ ಸಂಗು ಊದಿ ಪಾಳಿ ಬದಲಾದ ಮೇಲೆ, ಬಿಸಿಲು ಇನ್ನೂ ಎಳೆಯದಿರುವಾಗ, ಎಲ್ಲರೂ ಸಯನೈಡ್ ದಿಬ್ಬದ ಬುಡಕ್ಕೆ ಹೋದರು. ಚಿನ್ನ ತೆಗೆದುಕೊಂಡು ಬಿಸಾಕಿದ ಪುಡಿಮಣ್ಣಿನ ಆ ಬಿಳೀ ಗುಡ್ಡದ ಮೇಲೆ ಬಿಸಿಲು ಬಿದ್ದರೆ ಎದುರಿಗೆ ನಿಂತವರ ಮುಖ ತಾನಾಗಿ ಬೆಳಗುತ್ತದೆ, ಕಣ್ಣಿನ ಕೆಳಗೆ ಕಪ್ಪು ನಿಲ್ಲುವುದಿಲ್ಲ. ಇದೂ ಕೋದಂಡಪ್ಪನೇ ಹೇಳಿದ್ದು. ಅವನ ಬುದ್ಧಿಮಾತುಗಳಲ್ಲಿ ಇದೊಂದು ಲಕ್ಷಣವಾದದ್ದು, ಆದ್ದರಿಂದ ಅದನ್ನು ಅವನು ಒಮ್ಮೆಯೂ ಮಾಡಿ ನೋಡಿರಲಿಲ್ಲ.

"ನೆರಳು ಮುಂದಕ್ಕೆ ಬಿದ್ದೈತೆ ಅಣ್ಣಯ್ಯ, ಪಕ್ಕಕ್ಕೆ ಸರೀರಿ."

ಸರಿದ.

"ಇಂದೆ ರಾಟೆ ಕಾಣ್ತದೆ."

ಇನ್ನೂ ಸರಿದ.

"ಫಿಲಂ ತಿರುಗ್ಸಿದ್ರಾ? ಎಣ್ಣಿನ್ ಮೇಲೆ ಅಸು ಬಂದಾತು."

"ತಿರುಗ್ಸಿದೀನಿ ಕಣಮ್ಮ. ಫೋಟೋ ತೆಗ್ಯೋನು ನಾನೋ ನೀನೋ?"

"ನೀವೇ ಅಣ್ಣಯ್ಯ. ತಲೆ ಕಾಣ್ತಾ ಐತಾ?"

ಕೋದಂಡಪ್ಪ ಎರಡು ಹೆಜ್ಜೆ ಹಿಂದಕ್ಕೆ ಹೋದ. ಆಮೇಲೆ ತನ್ನ ಕೊನೆಯ ಆಜ್ಞೆ ಮಾಡಿದ. "ಸೆರಗು ಬಲಕ್ಕೆ ಆಕ್ಕೋ ತಾಯಿ."

ಮಂಗಮ್ಮ ತಾನೇ ಮುಂದೆ ಹೋಗಿ ವರಲಕ್ಷ್ಮಿಯ ಸೆರಗನ್ನು ಬಿಚ್ಚಿ ಬಲ ಹೆಗಲಿಗೆ ಹಾಕಿ ಪಿನ್ನು ಚುಚ್ಚಿದಳು. ಲೈನಿನ ಫೋಟೋ ಎಲ್ಲ ಹಾಗೇ ತಾನೇ ಬರುವುದು. "ಡಬ್ಬಿ ನೋಡಬ್ಯಾಡ, ಆ ಮೇಕೆ ನೋಡು" ಎಂದ ಕೋದಂಡಪ್ಪ. ಮೇಕೆ ಅಷ್ಟೊತ್ತಿಗೆ ಮುತ್ಯಾಲಮ್ಮನ ಸೆರಗು ತಿನ್ನುತ್ತಿತ್ತು. ವರಲಕ್ಷ್ಮಿಗೆ ನಗು ಬಂತು. ಟಿಕ್ ಎಂದಿತು.

ಸ್ಟುಡಿಯೋದಲ್ಲಿ ತೊಳೆಸಿದ ನೆಗೆಟಿವನ್ನು ಬೆಳಕಿಗೆ ಹಿಡಿದು ನೋಡಿ ಕೋದಂಡಪ್ಪನೇ ಬೆಚ್ಚಿದ. ತಲೆ ಇತ್ತು. ಪಾದವೂ ಇತ್ತು. ಇಂಥ ವಸ್ತುವನ್ನು ಸಂಡಿಗೆ ಪಕ್ಕದಲ್ಲಿ ಒಣಗಿಸುವುದು ಅನ್ಯಾಯ ಎನಿಸಿ, ದೊಡ್ಡದು ಮಾಡಿ ಕಾಗದಕ್ಕೆ ಇಳಿಸಿ ಎಂದು ಸ್ಟುಡಿಯೋಗೇ ಕೊಟ್ಟು ಬಂದ. ಬಚ್ಚಪ್ಪನಿಗೆ ಬಂಗಾರಪೇಟೆ ಸಂತೆಯ ಕೆಲಸವಿತ್ತು. ಅಲ್ಲಿಂದಲೇ ಲಕೋಟೆ ಈಸಿಕೊಂಡು, ಬಿಚ್ಚದೆ, ಬೂದಿಕೋಟೆ ಬಸ್ಸು ಹತ್ತಿದ. ದನದ ದಲ್ಲಾಳಿ ಹಲ್ಲು ನೋಡದೆ ವ್ಯಾಪಾರ ಮಾಡಿದ್ದು ಅದೊಂದೇ ಸಲ.

ಸಾಯಂಕಾಲ ಅವನು ಮಂಗಮ್ಮನ ಮನೆಗೆ ಬಂದು ಲಕೋಟೆಯನ್ನು ನೆಲಕ್ಕೆ ಹಾಕಿದ.

"ನನ್ ಮಾನ ಕಳೆದ್ರಿ. ಬಲ ಸೆರಗಿನೋರಾಗಿ ಎಡ ಸೆರಗಿನೋರು ಅಂತ ಏಳಿ ಎಣ್ಣು ಕೊಡೋಕೆ ಬಂದವ್ರೆ ಅಂತ ಆ ಯಮ್ಮ ಬಾಗ್ಲಲ್ಲೇ ನಿಲ್ಸಿ ಬೈದ್ಲು. ನೀರೂ ಕೊಡ್ಲಿಲ್ಲ."

ಹೆಣ್ಣಿನ ಕಡೆಯವರದೂ ಗಂಡಿನ ಕಡೆಯವರದೂ ಒಂದೇ ಕುಲ, ಅದರಲ್ಲಿ ಎರಡು ಬಣ. ಸೆರಗನ್ನು ಎಡ ಹೆಗಲಿಗೆ ಹಾಕುವವರು, ಬಲ ಹೆಗಲಿಗೆ ಹಾಕುವವರು. ಒಟ್ಟಿಗೆ ಉಳುತ್ತಾರೆ, ಒಟ್ಟಿಗೆ ಸಂತೆಗೆ ಹೋಗುತ್ತಾರೆ, ಒಬ್ಬರ ಹೊಲಕ್ಕೆ ಒಬ್ಬರು ದನ ಬಿಟ್ಟು ಒಟ್ಟಿಗೆ ಜಗಳವಾಡುತ್ತಾರೆ. ಹೆಣ್ಣು ಮಾತ್ರ ಕೊಟ್ಟು ತರುವುದಿಲ್ಲ. ಯಾಕೆ ಎಂದು ಕೇಳಿದರೆ ಹಿರಿಯರಿಗೆ ಕೆಮ್ಮು ಬರುತ್ತದೆ.

ಮಂಗಮ್ಮ ಫೋಟೋ ಎತ್ತಿಕೊಂಡಳು. ಕೋದಂಡಪ್ಪ ತೆಗೆದದ್ದರಲ್ಲೆಲ್ಲ ಅದರಷ್ಟು ಚೆಂದದ್ದು ಇನ್ನೊಂದಿಲ್ಲ. ವರಲಕ್ಷ್ಮಿ ಮೇಕೆಯನ್ನು ನೋಡಿ ನಗುತ್ತಿದ್ದಳು. ಅವಳ ಸೆರಗು ಬಲ ಹೆಗಲ ಮೇಲೆ, ಮಂಗಮ್ಮ ಪಿನ್ನು ಚುಚ್ಚಿದಲ್ಲೇ, ಅಚ್ಚುಕಟ್ಟಾಗಿ ಕೂತಿತ್ತು.

ಕೋದಂಡಪ್ಪನನ್ನು ಕರೆಸಿದರು. ಅವನು ಫೋಟೋ ನೋಡಿದ ತಕ್ಷಣ, "ಸ್ಟುಡಿಯೋದವ್ನು ತಿರುಗ್ಸಿ ಆಕವ್ನೆ, ಕತ್ತೆ" ಎಂದ.

ಮಂಗಮ್ಮ ವರಲಕ್ಷ್ಮಿಯ ಮುಖ ನೋಡಿದಳು, ಫೋಟೋ ನೋಡಿದಳು. "ಇವ್ಳ ಮೂಗುಬಟ್ಟು ಎಡಕ್ಕೈತೆ. ಇದ್ರಲ್ಲೂ ಎಡಕ್ಕೇ ಐತೆ ಅಣ್ಣಯ್ಯ. ಇದ್ರಲ್ಲಿ ಎಲ್ಲಾ ಇದ್ದಂಗೇ ಬಂದೈತೆ."

ಕೋದಂಡಪ್ಪ ಗೋಡೆಯ ಮೇಲಿದ್ದ, ತಾನು ತೆಗೆದ ಹಳೇ ಫೋಟೋಗಳ ಕಡೆ ಒಮ್ಮೆ ನೋಡಿ ಎದ್ದು ಹೋದ.

ಮರುದಿನ ರೈಲು ಹತ್ತಿ ಸ್ಟುಡಿಯೋದವನ ಜೊತೆ ಜಗಳಕ್ಕೆ ಹೋದ. ಅಲ್ಲಿ ಏನಾಯಿತು ಎಂದು ಅವನು ಯಾರಿಗೂ ಹೇಳಲಿಲ್ಲ. ಮುತ್ಯಾಲಮ್ಮನಿಗೆ ಅಷ್ಟಿಷ್ಟು ತಿಳಿದದ್ದು ಹೀಗೆ. ಮನೆಗೆ ಬಂದವನು ಒಂದು ನೆಗೆಟಿವನ್ನು ಹಿಡಿದುಕೊಂಡು "ಮಂಕು ಮಗ್ಗುಲು ಕಾಗದಕ್ಕೆ, ಮಂಕು ಮಗ್ಗುಲು" ಎಂದು ತನಗೆ ತಾನೇ ಎರಡು ಸಲ ಹೇಳಿಕೊಂಡ. ಆಮೇಲೆ ಪೆಟ್ಟಿಗೆಯಲ್ಲಿದ್ದ ಎಂಟು ವರ್ಷದ ನೆಗೆಟಿವುಗಳನ್ನೆಲ್ಲ ತಂದು ಬಚ್ಚಲ ಒಲೆಗೆ ಸುರಿದ. ಭರ್ರೆಂದು ಉರಿದವು. "ಅವತ್ತು ಬಚ್ಚಲ ನೀರು ಬಲು ಬೇಗ ಕಾಯ್ತು ಕಣೆ. ಕಂಬ್ಳಿ ಬದ್ಲು ಅಷ್ಟಾದ್ರೂ ಬಿಸಿ ಸಿಕ್ತು" ಎಂದಳು ಮುತ್ಯಾಲಮ್ಮ. ಆ ಮಾತಿಗೆ ಅವಳ ಹರಳು ಮಿನುಗಲಿಲ್ಲ.

ಇತ್ತ ಕಾಮಸಮುದ್ರದಿಂದ ಕದಿರಪ್ಪ ಹೊಸ ಪಂಚೆ ಉಟ್ಟು ಬಂದು ಮಾವನ ಜೊತೆ ಎಲೆ ಅಡಿಕೆ ಹಾಕಿಕೊಂಡು ಹೋದ. ಎಲೆ ಅವನೇ ಜಗಿದ, ಅಡಿಕೆಯನ್ನು ಮಾವ ಕುಟ್ಟಿ ಕೊಟ್ಟ. ಬೂದಿಕೋಟೆಗೆ ಹೋಗಿ ಸಂಗತಿ ಬಿಡಿಸಿ ಹೇಳಬೇಕಾದವನು ಕೋದಂಡಪ್ಪ ಒಬ್ಬನೇ. ಹೆಣ್ಣಿನ ಕಡೆಯವರು ಹೇಳಿದರೆ ಅದು ಎರಡನೇ ಸುಳ್ಳಾಗುತ್ತದೆ. ಆ ಒಬ್ಬ ಮಂಗಮ್ಮನನ್ನು ಕಂಡರೆ ದಾರಿ ಬದಲಿಸುತ್ತಿದ್ದ.

ಕೊನೆಗೆ ನಲ್ಲಿಯ ಹತ್ತಿರ ಸಿಕ್ಕಿದ.

"ಅಲ್ಲೇ ನಿಲ್ಲಿ ಅಣ್ಣಯ್ಯ, ಅಲ್ಲಾಡಬ್ಯಾಡಿ" ಎಂದಳು ಮಂಗಮ್ಮ.

ಅವನು ನಿಂತ.

"ಬೂದಿಕೋಟೆಗೆ ಬತ್ತೀರೋ ಇಲ್ವೋ?"

"ಬಂದು ಏನಂತ ಏಳ್ಲಿ? ಟೈಮ್ ಆಫೀಸಿನೋನು, ನಾಲ್ಕು ಜನಕ್ಕೆ ಬುದ್ಧಿ ಏಳೋನು. ನಂಗೆ ಕ್ಯಾಮೆರಾ ಗೊತ್ತಿಲ್ಲ ಅಂತ ಊರೂರಿಗೆ ಓಗಿ ಸಾರ್ಲಾ?"

"ಊರೂರಿಗೆ ಬ್ಯಾಡ. ಒಂದೂರಿಗೆ ಸಾಕು."

ಬಾಗಿಲಲ್ಲಿದ್ದ ಮುತ್ಯಾಲಮ್ಮ ಅಲ್ಲಿಂದಲೇ ಹೇಳಿದಳು, "ಓಗ್ ಬನ್ನಿ. ಆ ಮಗು ಕದಿರಪ್ಪನಿಗೆ ಅಡಿಕೆ ಕುಟ್ಕ್ಯಂಡು ಕೂತ್ರೆ ನಿಮ್ ಕ್ಯಾಮೆರಾ ಮರ್ಯಾದೆಗೆ ಊವಿನ ಆರ ಆಕ್ತಾರಾ?"

ಹೋದರು. ಬಂಗಾರಪೇಟೆಯಿಂದ ಬೂದಿಕೋಟೆ ಬಸ್ಸಿನಲ್ಲಿ ಮಂಗಮ್ಮ, ಅವಳ ಗಂಡ ಆಂಜಿನಪ್ಪ, ಕೋದಂಡಪ್ಪ. ಅವನ ತೊಡೆಯ ಮೇಲೆ ಕ್ಯಾಮೆರಾ. ಆದಿಲಕ್ಷ್ಮಮ್ಮ ಜಗಲಿಯ ಮೇಲೆ ಕಾಲು ನೀಡಿಕೊಂಡು ಮಂಡಿಗೆ ಹರಳೆಣ್ಣೆ ತಿಕ್ಕುತ್ತಿದ್ದಳು. ಕೂತುಕೊಳ್ಳಿ ಎನ್ನಲಿಲ್ಲ.

ಕೋದಂಡಪ್ಪ ನಿಂತೇ ಶುರು ಮಾಡಿದ. ಸೂರ್ಯನಿಂದ ಶುರು ಮಾಡಿದ. ಬೆಳಕು ಗಾಜಿನೊಳಗೆ ಹೇಗೆ ಹೋಗುತ್ತದೆ, ಹೋಗಿ ಹೇಗೆ ತಿರುಗುತ್ತದೆ, ಸೀಮೆಯಲ್ಲಿ ಇದಕ್ಕೆ ಏನೆನ್ನುತ್ತಾರೆ ಎಂದು ಹೇಳುತ್ತ ಹೋದ. ಆಂಜಿನಪ್ಪ ಹಸು ಎಣಿಸಲು ಹಿತ್ತಲಿಗೆ ಹೋದ.

ಆದಿಲಕ್ಷ್ಮಮ್ಮ ಎಣ್ಣೆಯ ಬಟ್ಟಲು ಪಕ್ಕಕ್ಕಿಟ್ಟಳು. "ನಂಗೆ ಗಾಜಿನ ಕತೆ ಬ್ಯಾಡಪ್ಪ. ಎಣ್ಣಿನ ಸೆರಗು ಬಲಕ್ಕೆ ಯಾಕೋಯ್ತು, ಅದ್ನ ಏಳು."

"ಅದು ಡಬ್ಬೀ ಒಳಗಡೆ..."

"ಡಬ್ಬಿ ಸೀರೆ ಉಡ್ಸ್ತದಾ?"

ಕೋದಂಡಪ್ಪ ಕ್ಯಾಮೆರಾ ನೋಡಿದ, ಮಂಗಮ್ಮನನ್ನು ನೋಡಿದ. ಮಂಗಮ್ಮ ಸಹಾಯಕ್ಕೆ ಬರಲಿಲ್ಲ.

"ನಾನು ಆಕ್ಕೋ ಅಂದೆ, ಆಕ್ಕೊಂಡ್ಳು" ಎಂದ ಕೊನೆಗೆ. "ಅವ್ರು ಎಡ ಸೆರಗಿನೋರೇ. ಫೋಟೋದಲ್ಲಿ ಎಡ ಬಲ ಆಗ್ತದೆ ಅಂತ ತಿಳ್ಕೊಂಡಿದ್ದೆ. ಆಗಲ್ಲ. ನಾನು ಕಾಗದಕ್ಕೆ ಇಳಿಸ್ತಿದ್ದದ್ದೇ ತಿರುಗಾಮುರುಗಾ. ಎಂಟು ವರ್ಷದಿಂದ. ನಂಗೆ ಗೊತ್ತಿರ್ಲಿಲ್ಲ."

ಆದಿಲಕ್ಷ್ಮಮ್ಮ ಅವನನ್ನು ಕಾಲಿನಿಂದ ತಲೆಯವರೆಗೆ, ಕೊಳ್ಳುವ ಎತ್ತನ್ನು ನೋಡುವ ಹಾಗೆ ನೋಡಿದಳು.

"ಸುಳ್ಳೇಳೋಕೆ ಬಂದಿರೋ ಗಂಡ್ಸು ನಂಗೆ ಎಲ್ಲಾ ಗೊತ್ತು ಅಂತಾನೆ. ಬಸ್ ಅತ್ತಿ ಬಂದು ನಂಗೆ ಗೊತ್ತಿರ್ಲಿಲ್ಲ ಅಂದೋನ್ನ ನಾನು ಇವತ್ತೇ ನೋಡಿದ್ದು" ಎಂದಳು. ಒಳಗೆ ತಿರುಗಿ, ಕಿವಿ ಕೇಳುವ ಸೊಸೆಯನ್ನು ಕೂಗಿ ಮಜ್ಜಿಗೆ ತರಲು ಹೇಳಿದಳು. ಸೊಸೆ ಬರಲಿಲ್ಲ. ಕಿವಿ ಕೇಳದವಳು ತಂದುಕೊಟ್ಟಳು.

ಯುಗಾದಿಗೆ ಮುಂಚೆ ಎಲೆ ಅಡಿಕೆ ಶಾಸ್ತ್ರ ಆಯಿತು. ಆದಿಲಕ್ಷ್ಮಮ್ಮ ಹಾಕಿದ ಷರತ್ತು ಒಂದೇ. ಮದುವೆಗೆ ಬೇರೆಯವನು ಫೋಟೋ ತೆಗೆಯಬೇಕು. ಬಂಗಾರಪೇಟೆಯ ಸ್ಟುಡಿಯೋದವನೇ ಬಂದ. ಕೋದಂಡಪ್ಪ ಮದುವೆ ಪೂರ್ತಿ ಅವನ ಬೆನ್ನ ಹಿಂದೆ ನಿಂತು, ಬೆಳಕು ಬೆನ್ನಿಗೆ, ಉಸಿರು ಒಳಕ್ಕೆ ಎಂದು ಹೇಳಿಕೊಡುತ್ತಿದ್ದ. ಧಾರೆಯ ಫೋಟೋದಲ್ಲಿ ಅವನ ನೆರಳು ಬಿದ್ದಿದೆ. ಕದಿರಪ್ಪನೂ ಉಂಡು ಹೋದ, ಪಾಯಸ ಎರಡು ಸಲ ಬಡಿಸಿಕೊಂಡ.

ಬೂದಿಕೋಟೆಯಿಂದ ಬಂದ ಮೇಲೆ ಕೋದಂಡಪ್ಪ ಮಂಕು ಮಗ್ಗುಲನ್ನು ಕಾಗದಕ್ಕೆ ಹಾಕಿ ಸರಿಯಾದ ಫೋಟೋಗಳನ್ನೇ ಇಳಿಸಿದ. ಸೆರಗು ಬದಲಿಸುವ ಪದ್ಧತಿ ಲೈನಿನಲ್ಲಿ ನಿಂತಿತು. ಗೋಡೆಯ ಮೇಲಿದ್ದ ಹಳೆಯವನ್ನು ವಾಪಸು ಕೊಡಿ ಎಂದು ಮನೆ ಮನೆಗೂ ಹೋದ. ಯಾರೂ ಕೊಡಲಿಲ್ಲ. "ನಮ್ಮಪ್ಪ ಎಂಗಿದ್ರೂ ನಮ್ಮಪ್ಪನೇ" ಎಂದರು. ಬಚ್ಚಪ್ಪ ತನ್ನ ಹಸುವನ್ನು ಮುಟ್ಟಲೂ ಬಿಡಲಿಲ್ಲ.

ಮುತ್ಯಾಲಮ್ಮ ಅರವತ್ತಾರರಲ್ಲಿ ಜ್ವರ ಬಂದು ತೀರಿಕೊಂಡಳು. ಊರ ಸೊಂಟ, ಊರ ಬಿಂದಿಗೆ, ಊರ ದನ ಎಲ್ಲ ತೆಗೆದವನ ಮನೆಯಲ್ಲಿ ಅವಳದೊಂದು ಫೋಟೋ ಗೋಡೆಗಿರಲಿಲ್ಲ. ಹೆಂಡತಿ ಎಲ್ಲಿ ಹೋಗುತ್ತಾಳೆ, ಮನೆಯಲ್ಲೇ ಇರುತ್ತಾಳಲ್ಲ, ನಾಳೆ ದೊಡ್ಡದು ಮಾಡಿಸಿ ಹಾಕಿದರಾಯಿತು ಎಂದು ಬಿಟ್ಟದ್ದು.

ಎರಡು ವರ್ಷದ ಮೇಲೆ ಕೋದಂಡಪ್ಪನೂ ಹಾಸಿಗೆ ಹಿಡಿದ. ಮಂಗಮ್ಮ ಗಂಜಿ ತಗೊಂಡು ಹೋದಳು. ಅವನು ಎದ್ದು ಕೂತು, ಗಂಜಿ ಪಕ್ಕಕ್ಕಿಡು ಎಂದು ಸನ್ನೆ ಮಾಡಿ, ದಿಂಬಿನ ಕೆಳಗಿಂದ ಬೆರಳಗಲದ ಎರಡು ಫೋಟೋ ತೆಗೆದ. ಎರಡರಲ್ಲೂ ಮುತ್ಯಾಲಮ್ಮ. ಅದೇ ತಟ್ಟಿ ಗೋಡೆ, ಅವಳಿಗಿದ್ದ ಒಂದೇ ಒಳ್ಳೇ ಸೀರೆ, ಎರಡರಲ್ಲೂ ಸೆರಗು ಎಡಕ್ಕೆ. ಒಂದು ಹಳೇ ರೀತಿಯಲ್ಲಿ ಸೆರಗು ಬದಲಿಸಿ ತೆಗೆದು ತಿರುಗಾಮುರುಗಾ ಇಳಿಸಿದ್ದು, ಇನ್ನೊಂದು ಬೂದಿಕೋಟೆಯ ನಂತರದ್ದು. ಯಾವುದು ಯಾವುದು ಎಂದು ಅವನಿಗೆ ನೆನಪಿರಲಿಲ್ಲ. ನೋಡಿ ತಿಳಿಯಲು ನೆಗೆಟಿವ್ ಇರಲಿಲ್ಲ, ಹಳೆಯದು ಬಚ್ಚಲ ಒಲೆಗೆ ಹೋಗಿತ್ತು, ಹೊಸದನ್ನು ಇಲಿ ತಿಂದಿತ್ತು. ತಾನು ಹೋಗುವ ಮುಂಚೆ ಒಂದನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಬೇಕು ಎಂದ. ನಿಜವಾಗಿ ಅವಳು ಇದ್ದ ಹಾಗೇ ಇರುವುದನ್ನು.

ಒಂದರಲ್ಲಿ ಹರಳು ಮೂಗಿನ ಈ ಕಡೆ, ಇನ್ನೊಂದರಲ್ಲಿ ಆ ಕಡೆ.

ಕೋದಂಡಪ್ಪ ಎರಡನ್ನೂ ಎರಡು ಕೈಯಲ್ಲಿ ಬೆಳಕಿಗೆ ಹಿಡಿದ. ಬೆಳಕು ಅವನ ಬೆನ್ನಿಗಿತ್ತು, ಉಸಿರು ಒಳಕ್ಕಿತ್ತು.

"ಮಂಗಮ್ಮ" ಎಂದ. "ಅವ್ಳ ಮೂಗುಬಟ್ಟು ಯಾವ ಕಡೆ ಇತ್ತಮ್ಮ?"